ಹೊಳೆ ಇಳಿಯುವ ಹೊತ್ತಿಗೆ ಹೊರಟೆ

ಥೈಲ್ಯಾಂಡಿನಲ್ಲಿ ನಾನಿದ್ದ ಊರು. 2025ರ ಫೆಬ್ರುವರಿ ಮೂರನೇ ವಾರ. ಒಂದು ಬೆಳಿಗ್ಗೆ ನಮ್ಮ ಓಣಿಯ ಹೆಂಗಸರೆಲ್ಲ ದಂಡೆಯ ಕಂಬಿಗೆ ಒರಗಿ ನೀರಿನ ಕಡೆ ಕೈ ತೋರಿಸುತ್ತಿದ್ದರು. ನಾನೂ ಹೋಗಿ ನಿಂತೆ. ಹೊಳೆಯಲ್ಲಿ ಕಪ್ಪಗೆ ಏನೋ ಮೇಲೆದ್ದಿತ್ತು. ಎಮ್ಮೆ ನೀರಿನಲ್ಲಿ ಮಲಗಿದ ಹಾಗೆ. "ಪ್ರ ಥಾತ್ ಬಂತು" ಎಂದರು ನನ್ನ ಮನೆಯೊಡತಿ ಪಾ.

ಅದೊಂದು ಹಳೆಯ ಸ್ತೂಪ. ಥಾತ್ ಎಂದರೆ ನಮ್ಮ 'ಧಾತು'ವೇ. ಒಂದು ಕಾಲಕ್ಕೆ ದಂಡೆಯ ಮೇಲಿತ್ತು. ಮೆಕಾಂಗ್ ನದಿ ದಂಡೆಯನ್ನು ಕೊರೆಯುತ್ತಾ ಬಂದು 1847ರಲ್ಲಿ ಸ್ತೂಪವನ್ನೇ ಒಳಗೆ ಎಳೆದುಕೊಂಡಿತು. ಅಲ್ಲಿಂದ ಅದು ಮಗ್ಗುಲಾಗಿ ಮಲಗಿದೆ. ಮಳೆಗಾಲದಲ್ಲಿ ಪೂರಾ ಮುಳುಗಿರುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಮಾತ್ರ ಒಂದು ಮಗ್ಗುಲು ಕಾಣುತ್ತದೆ. ಆಗ ಜನ ಅದಕ್ಕೆ ಬಣ್ಣದ ಪತಾಕೆ ಕಟ್ಟುತ್ತಾರೆ.

ನಾನು ತೀರ್ಥಹಳ್ಳಿಯವಳು. ಹೊಳೆ ಇಳಿದ ಮೇಲೆ ಒಂದೊಂದೇ ಬಂಡೆ ಎದ್ದು ಬರುವುದನ್ನು ನೋಡಿಕೊಂಡೇ ಬೆಳೆದದ್ದು. ತುಂಗೆಯ ನಡುವಿನ ಬಂಡೆ ಎಷ್ಟು ಕಾಣುತ್ತಿದೆ ಎಂದು ನೋಡಿ ಅಮ್ಮ ಬೇಸಿಗೆ ಎಷ್ಟು ಬಂತು ಅಂತ ಹೇಳುತ್ತಿದ್ದಳು. ಹಾಗಾಗಿ ಅವತ್ತು ಪಾ ಹೇಳಿದ್ದು ನನಗೆ ಬೇರೆ ಊರಿನ ಮಾತು ಅನ್ನಿಸಲಿಲ್ಲ. ಹೊರಡುವ ದಿನ ಹತ್ತಿರ ಬಂತು ಅಂತ ನನಗೆ ನಿಜವಾಗಿ ಗೊತ್ತಾದದ್ದು ಕ್ಯಾಲೆಂಡರಿನಿಂದಲ್ಲ, ಆ ಕಪ್ಪು ಬೆನ್ನಿನಿಂದ.

ಊರಿನ ಹೆಸರು ನಾಂಗ್‌ಖಾಯ್. ಥೈಲ್ಯಾಂಡಿನ ಈಶಾನ್ಯದ ತುದಿ. ಈ ಸೀಮೆಗೆ ಇಸಾನ್ ಎಂದು ಹೆಸರು. ಹೌದು, ನಮ್ಮ ಈಶಾನ್ಯವೇ. ಮನೆಯ ಮುಂದೆ ಮೆಕಾಂಗ್, ಆಚೆ ದಂಡೆ ಲಾವೋಸ್ ದೇಶ. ಜನ ಆಡುವ ಮಾತೂ ಲಾವೋ ಭಾಷೆಗೆ ತೀರಾ ಹತ್ತಿರದ್ದು. ನಾನು ಬಂದದ್ದು 2024ರ ಅಕ್ಟೋಬರ್ 5ಕ್ಕೆ. ಅದಕ್ಕೆ ಮೂರು ವಾರದ ಹಿಂದೆಯಷ್ಟೇ ದೊಡ್ಡ ನೆರೆ ಬಂದು ಹೋಗಿತ್ತು. ಯಾಗಿ ಚಂಡಮಾರುತದ ಮಳೆ ಮೇಲಿನ ಸೀಮೆಯಲ್ಲಿ ಸುರಿದು, ಹೊಳೆ ಉಕ್ಕಿ ಪೇಟೆಗೆ ನುಗ್ಗಿತ್ತು. ಗೋಡೆಗಳ ಮೇಲೆ ಕೆಸರಿನ ಗೆರೆ ಇನ್ನೂ ಇತ್ತು. ಜನ ಬಾಗಿಲು ಕಳಚಿ ಬಿಸಿಲಿಗೆ ಇಟ್ಟಿದ್ದರು. ನಾನು ಬಂದದ್ದು ಎರಡು ವಾರಕ್ಕೆ. ಅಕ್ಟೋಬರ್ 17ರ ಹುಣ್ಣಿಮೆಗೆ ಫೋನ್ ಫಿಸೈ ಎಂಬಲ್ಲಿ ಹೊಳೆಯೊಳಗಿಂದ ಕೆಂಪು ಬೆಂಕಿಯುಂಡೆಗಳು ಮೇಲೇಳುತ್ತವೆ, ಅದು ನಾಗರಾಜ ಬುದ್ಧನಿಗೆ ಅರ್ಪಿಸುವ ಬೆಳಕು ಎಂದು ಕೇಳಿದ್ದೆ. ಅದನ್ನು ನೋಡಿ ಹೋಗೋಣ ಎಂದಿದ್ದೆ. ನೋಡಿದೆ. ಹೋಗಲಿಲ್ಲ.

ಪಾ ಎಂಬುದು ಮನೆಯೊಡತಿಯ ಹೆಸರಲ್ಲ. ಥಾಯ್ ಭಾಷೆಯಲ್ಲಿ ಅಪ್ಪ ಅಮ್ಮನ ಅಕ್ಕನಿಗೆ ಪಾ, ಅಣ್ಣನಿಗೆ ಲುಂಗ್. ದೊಡ್ಡಮ್ಮ, ದೊಡ್ಡಪ್ಪ ಎಂದ ಹಾಗೆ. ಊರಲ್ಲಿ ಯಾರನ್ನೂ ಬರೀ ಹೆಸರು ಹಿಡಿದು ಕರೆಯುವುದಿಲ್ಲ. ನಾನು ಅವರಿಗೆಲ್ಲ 'ನಾಂಗ್', ಅಂದರೆ ತಂಗಿ. ದಿನಾ ಬೆಳಿಗ್ಗೆ ಮೆಟ್ಟಿಲು ಇಳಿದರೆ ಪಾ ಕೇಳುವುದು ಒಂದೇ. "ಕಿನ್ ಖಾವ್ ಲೇವ್ ಬೊ?" ಊಟ ಆಯ್ತಾ? ಕ್ಷೇಮ ಕೇಳುವ ರೀತಿಯೇ ಅದು. ಇಂಥ ಊರಲ್ಲಿ ಹೊಸಬರಾಗಿ ಎಷ್ಟು ದಿನ ಉಳಿಯೋಕೆ ಆಗುತ್ತೆ, ಹೇಳಿ.

ನನ್ನದು ಡಿಟಿವಿ ಎಂಬ ವೀಸಾ. 2024ರ ಜುಲೈಯಲ್ಲಿ ಶುರುವಾದದ್ದು. ಬೇರೆ ದೇಶದ ಕೆಲಸವನ್ನು ಲ್ಯಾಪ್‌ಟಾಪಿನಲ್ಲಿ ಮಾಡಿಕೊಂಡು ಇರುವವರಿಗೆ ಕೊಡುತ್ತಾರೆ. 5 ಲಕ್ಷ ಬಹ್ತ್ ಉಳಿತಾಯ ಇದೆ ಎಂದು ತೋರಿಸಬೇಕು. ವೀಸಾ ಐದು ವರ್ಷ ಚಾಲ್ತಿ. ಆದರೆ ಒಂದು ಸಲ ಒಳಗೆ ಬಂದರೆ 180 ದಿನ ಮಾತ್ರ. ನನ್ನ ಪಾಸ್‌ಪೋರ್ಟಿನಲ್ಲಿ ಒತ್ತಿದ್ದ ತಾರೀಕು 2025ರ ಏಪ್ರಿಲ್ 2. ದಾಟಿದರೆ ದಿನಕ್ಕೆ 500 ಬಹ್ತ್ ದಂಡ. ನಡುವೆ, 90 ದಿನ ಆದಾಗ ಇಮಿಗ್ರೇಷನ್ ಕಚೇರಿಗೆ ಹೋಗಿ ಟಿಎಂ 47 ಎಂಬ ಫಾರ್ಮು ತುಂಬಿ, ಇದೇ ವಿಳಾಸದಲ್ಲಿ ಇದ್ದೇನೆ ಎಂದು ಹೇಳಿ ಬಂದಿದ್ದೆ. ಅದಕ್ಕೆ ದುಡ್ಡಿಲ್ಲ. ಜನವರಿಯಲ್ಲಿ ಹತ್ತೇ ನಿಮಿಷದ ಕೆಲಸ.

ಈ 180 ದಿನ ಮುಗಿಯುತ್ತಾ ಬಂದಾಗ ಓಣಿಯವರೆಲ್ಲ ನನಗೆ ಕೊಟ್ಟ ಸಲಹೆ ಒಂದೇ. "ಸೇತುವೆ ದಾಟಿ ಬಾ."

ಆ ಸೇತುವೆ ಊರಿನ ಪಡುವಣಕ್ಕಿದೆ. ಥೈಲ್ಯಾಂಡ್ ಲಾವೋಸ್ ನಡುವೆ ಮೆಕಾಂಗ್ ಮೇಲೆ ಕಟ್ಟಿದ ಮೊದಲ ದೊಡ್ಡ ಸೇತುವೆ. ಆಸ್ಟ್ರೇಲಿಯಾ ಸರ್ಕಾರದ ದುಡ್ಡಲ್ಲಿ ಕಟ್ಟಿದ್ದು. 1994ರ ಏಪ್ರಿಲ್ 8ರಂದು ತೆರೆಯಿತು. ಉದ್ದ 1,170 ಮೀಟರ್. ನಡುವೆ ರೈಲಿನ ಹಳಿಯೂ ಇದೆ. ಥೈಲ್ಯಾಂಡಿನಲ್ಲಿ ಗಾಡಿ ಎಡಕ್ಕೆ, ಲಾವೋಸಿನಲ್ಲಿ ಬಲಕ್ಕೆ. ಆಚೆ ತುದಿಯಲ್ಲಿ ದಾರಿಗಳು ಒಂದನ್ನೊಂದು ದಾಟಿ ಬದಿ ಬದಲಾಯಿಸುತ್ತವೆ. ಸೇತುವೆಯ ಹೆಸರು ಮಿತ್ತ್ರಫಾಪ್. ಅದರ ಮೂಲ ನಮ್ಮ 'ಮಿತ್ರಭಾವ'ವೇ. ಅದನ್ನು ದಾಟಿ, ಆಚೆ ಮುದ್ರೆ ಹಾಕಿಸಿ, ಒಂದು ರಾತ್ರಿ ಲಾವೋಸಿನ ರಾಜಧಾನಿ ವಿಯೆಂಟಿಯಾನಿನಲ್ಲಿದ್ದು ವಾಪಸ್ ಬಂದರೆ ಮತ್ತೆ 180 ದಿನ. ಅಷ್ಟು ಸುಲಭ.

ಅಷ್ಟು ಸುಲಭ ಆಗಿದ್ದರಿಂದಲೇ ನನಗೆ ಕಷ್ಟವಾಯಿತು. ಅಮ್ಮನಿಗೆ ಏಪ್ರಿಲ್ ಮೊದಲ ವಾರ ಶಿವಮೊಗ್ಗದಲ್ಲಿ ಮೊಣಕಾಲಿನ ಆಪರೇಷನ್. ಅದು ಮೊದಲೇ ಗೊತ್ತಿತ್ತು. ಆದರೂ ಎಷ್ಟೋ ರಾತ್ರಿ ಲೆಕ್ಕ ಹಾಕಿದೆ. ಈಗ ದಾಟಿ ಬಂದು, ಏಪ್ರಿಲ್‌ನಲ್ಲಿ ಊರಿಗೆ ಹೋಗಿ, ಮೇನಲ್ಲಿ ಮತ್ತೆ ಬಂದರೆ? ಆಪರೇಷನ್ ಆದ ಕಾಲು ನೆಲಕ್ಕೆ ಊರಿ ನಡೆಯಲು ಎಷ್ಟು ದಿನ ಬೇಕು, ಅಷ್ಟು ದಿನ ನಾನು ಮನೆಯಲ್ಲಿ ಇರಬೇಕು. ಅದಕ್ಕೆ ಮುಂಚೆಯೇ ತಾರೀಕು ಹಾಕಿಕೊಂಡು ಹೋಗುವುದು ತಪ್ಪು ಅನ್ನಿಸಿತು. ಮಾರ್ಚ್ 18ಕ್ಕೆ ಬ್ಯಾಂಕಾಕಿನ ರಾತ್ರಿ ರೈಲಿಗೆ ಟಿಕೆಟ್ ತೆಗೆದೆ. ಕೆಳಗಿನ ಬರ್ತ್ ಅಗಲ, ರೇಟೂ ಸ್ವಲ್ಪ ಜಾಸ್ತಿ. ಅದನ್ನೇ ತೆಗೆದೆ, ಕಿಟಕಿ ಸಿಗುತ್ತೆ ಅಂತ.

ಪಾಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ "ಸೋಂಗ್‌ಕ್ರಾನ್‌ಗೂ ಇರಲ್ವಾ?" ಎಂದರು. ಸೋಂಗ್‌ಕ್ರಾನ್ ಎಂದರೆ ಏಪ್ರಿಲ್ 13ಕ್ಕೆ ಬರುವ ಅವರ ಹೊಸವರ್ಷ. ನಮ್ಮ ಸಂಕ್ರಾಂತಿಯ ಪದವೇ. ಹಿರಿಯರ ಕೈಗೆ ಹೂವಿನ ನೀರು ಹನಿಸಿ ಆಶೀರ್ವಾದ ಬೇಡುವ ಹಬ್ಬ. ಅಮ್ಮನ ಕಾಲಿನ ವಿಷಯ ಹೇಳಿದೆ. "ಹಾಗಾದರೆ ಹೋಗಲೇಬೇಕು" ಎಂದರು. ಮತ್ತೆ ಆ ಮಾತು ಎತ್ತಲಿಲ್ಲ.

ಉಳಿದದ್ದು ಮೂರೂವರೆ ವಾರ. ಕೆಲಸದ ಪಟ್ಟಿ ಮಾಡಿದೆ. ಕರೆಂಟು ಬಿಲ್ಲು, ನೀರಿನ ಬಿಲ್ಲು, ಮುಂಗಡ ವಾಪಸ್, ಪುಸ್ತಕ ಪಾರ್ಸೆಲ್, ಸೈಕಲ್ಲು. ಇದಿಷ್ಟೂ ಐದಾರು ದಿನದ ಕೆಲಸ. ಮಿಕ್ಕ ದಿನ ಏನು ಮಾಡಬೇಕು ಎಂಬುದನ್ನು ಹೊಳೆಯೇ ಹೇಳಿತು ಎನ್ನಬೇಕು.

ನೀರು ಇಳಿದಷ್ಟೂ ದಂಡೆ ಅಗಲವಾಗುತ್ತದೆ. ಆ ಜಾಗದಲ್ಲಿ ಜನ ತರಕಾರಿ ಬೆಳೆಯುತ್ತಾರೆ. ನೀರಿನ ಅಂಚಿನವರೆಗೂ ಸಣ್ಣ ಸಣ್ಣ ಮಡಿ. ಕೊತ್ತಂಬರಿ, ಈರುಳ್ಳಿ, ಸೊಪ್ಪು, ಟೊಮೆಟೊ, ಜೋಳ. ನಮ್ಮ ಓಣಿಯ ಲುಂಗ್ ಒಬ್ಬರಿಗೆ ಅಲ್ಲಿ ಆರು ಮಡಿ ಇತ್ತು. ಎಪ್ಪತ್ತು ದಾಟಿದ ಮನುಷ್ಯ. ಬೆಳಿಗ್ಗೆ ಆರಕ್ಕೆ ಎರಡು ನೀರಿನ ಡಬ್ಬ ಕಾವಡಿಗೆ ಹಾಕಿಕೊಂಡು ಇಳಿದರೆ ಎಂಟರವರೆಗೆ ನೀರು ಹನಿಸುವುದೇ ಕೆಲಸ. ನನಗೂ ಒಂದು ಡಬ್ಬ ಕೊಟ್ಟರು. ಕೊನೆಯ ವಾರಗಳಲ್ಲಿ ದಿನಾ ಅವರ ಜೊತೆ ಇಳಿದೆ.

ಲುಂಗ್ ಹೊಳೆಯನ್ನು ನೋಡುವ ರೀತಿ ಬೇರೆ. ಒಂದು ಬಿದಿರಿನ ಕೋಲು ನೆಟ್ಟು ಅದಕ್ಕೆ ಗೆರೆ ಹಾಕಿದ್ದರು. ಮೊದಲು ಬೆಳೆಯುವುದು ಸುಲಭ ಇತ್ತಂತೆ. ಮಳೆಗಾಲ ಮುಗಿದರೆ ನೀರು ಇಳಿಯುತ್ತಾ ಹೋಗುತ್ತದೆ. ದಿನಕ್ಕೆ ಇಷ್ಟು ಅಂತ. ಅದರ ಹಿಂದೆಯೇ ಬೀಜ ಹಾಕುತ್ತಾ ಹೋಗಬೇಕು. ಈಗ ಹಾಗಿಲ್ಲ. ಮೇಲೆ ಚೀನಾದ ಯುನ್ನಾನಿನಲ್ಲಿ ಸಾಲು ಸಾಲು ಅಣೆಕಟ್ಟು. ಲಾವೋಸಿನ ಸಯಾಬುರಿ ಅಣೆಕಟ್ಟು 2019ರ ಅಕ್ಟೋಬರಿನಲ್ಲಿ ಕೆಲಸ ಶುರು ಮಾಡಿತು. ಅವರು ಮೇಲೆ ನೀರು ಬಿಟ್ಟರೆ ಬೇಸಿಗೆಯಲ್ಲೂ ಇಲ್ಲಿ ನೀರು ಏರುತ್ತದೆ. ಹಿಡಿದರೆ ಒಂದೇ ಸಲಕ್ಕೆ ಇಳಿಯುತ್ತದೆ. ಮೀನು ಮೊಟ್ಟೆ ಇಟ್ಟ ಹೊಂಡ ಒಣಗುತ್ತದೆ. ಮಾರ್ಚ್ ಮೊದಲ ವಾರ ನಾನೇ ಕಂಡೆ. ರಾತ್ರಿ ಬೆಳಗಾಗುವುದರೊಳಗೆ ಲುಂಗ್ ಅವರ ಕೆಳಗಿನ ಮಡಿ ನೀರೊಳಗೆ ಹೋಗಿತ್ತು. ಒಂದು ಹನಿ ಮಳೆ ಬಿದ್ದಿರಲಿಲ್ಲ. ಕಟಾವಿಗೆ ನಾಲ್ಕು ದಿನ ಇದ್ದ ಕೊತ್ತಂಬರಿ. ಅವರು ಮೊಣಕಾಲುದ್ದ ನೀರಲ್ಲಿ ನಿಂತು ಕಿತ್ತು ನನ್ನ ಕೈಗೆ ಕೊಡುತ್ತಾ ಹೋದರು.

"ನೀರಿನ ಬಣ್ಣ ನೋಡು" ಎಂದರು. ತಿಳಿಯಾಗಿತ್ತು, ಸ್ವಲ್ಪ ಹಸಿರು. ನೋಡಲು ಚೆಂದ. ನಾನು ಹಾಗೇ ಅಂದುಬಿಟ್ಟೆ. ಅವರು ತಲೆ ಅಲ್ಲಾಡಿಸಿದರು. 2019ರ ಕೊನೆಯಲ್ಲಿ ಮೊದಲ ಸಲ ಮೆಕಾಂಗ್ ಹೀಗೆ ನೀಲಿಯಾದಾಗ ಜನ ಫೋಟೊ ತೆಗೆಯಲು ಓಡಿ ಬಂದಿದ್ದರಂತೆ. ಈ ಹೊಳೆಯ ಬಣ್ಣ ಕಂದು. ಆ ಕಂದು ಅಂದರೆ ಮಣ್ಣು, ಮಣ್ಣು ಅಂದರೆ ಗೊಬ್ಬರ. ಮಣ್ಣು ಅಣೆಕಟ್ಟಿನ ಹಿಂದೆ ಕೂತರೆ ಕೆಳಗೆ ಬರುವುದು ಹಸಿದ ನೀರು. ಅದು ದಂಡೆಯನ್ನೇ ತಿನ್ನುತ್ತದೆ. ಶರಾವತಿ, ತುಂಗಾ, ಭದ್ರಾ ಸೀಮೆಯಲ್ಲಿ ಬೆಳೆದ ನನಗೆ ಅಣೆಕಟ್ಟಿನಿಂದ ಮುಳುಗಿದವರ ಕಥೆ ಗೊತ್ತು. ಅಣೆಕಟ್ಟಿನ ಕೆಳಗೆ, ನೂರಾರು ಕಿಲೋಮೀಟರ್ ದೂರದಲ್ಲಿ, ಒಬ್ಬ ಮುದುಕನ ಕೊತ್ತಂಬರಿ ಮಡಿ ಹೀಗೆ ಹೋಗುತ್ತದೆ ಎನ್ನುವುದು ಗೊತ್ತಿರಲಿಲ್ಲ. ಅವರು ಥಾಯ್ ಭಾಷೆಯಲ್ಲಿ ನದಿಗೆ ಮೇ ನಾಮ್ ಎನ್ನುತ್ತಾರೆ. ಮೇ ಎಂದರೆ ತಾಯಿ, ನಾಮ್ ಎಂದರೆ ನೀರು. ಆ ಮಾತನ್ನು ಬಾಯಲ್ಲಿ ಆಡುತ್ತಲೇ ಹೊಳೆಯನ್ನು ಹೀಗೆ ನಲ್ಲಿಯ ಹಾಗೆ ತಿರುಗಿಸಿ ನಿಲ್ಲಿಸುವುದನ್ನು ನೋಡಬೇಕಾಗಿ ಬಂದ ಈ ದಂಡೆಯ ಜನರ ಮೇಲೆ ನನಗೆ ಸಂಕಟವಾಗುತ್ತದೆ. ಈಗಲೂ.

ಸಾಮಾನು ಕೊಡುವ ಕೆಲಸ ಬೇಗ ಮುಗಿಯಿತು. ಫ್ಯಾನು, ಅನ್ನದ ಕುಕ್ಕರ್, ಚಾಪೆ ಓಣಿಯಲ್ಲೇ ಹಂಚಿಹೋದವು. ಪುಸ್ತಕಗಳನ್ನು ಅಂಚೆಗೆ ಹಾಕಿದೆ. ಅಂಚೆ ಕಚೇರಿಗೆ ಅಲ್ಲಿ ಪ್ರೈಸನೀ ಎನ್ನುತ್ತಾರೆ. ಪ್ರೇಷಣ ಎಂಬ ಪದದಿಂದ ಬಂದದ್ದು. ಇಂಥ ಪದ ಸಿಕ್ಕಿದಾಗಲೆಲ್ಲ ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಅದನ್ನು ಮಾತ್ರ ಪಾರ್ಸೆಲ್ಲಿಗೆ ಹಾಕದೆ ಕೈಚೀಲದಲ್ಲಿ ಇಟ್ಟುಕೊಂಡೆ. ಅಮ್ಮನಿಗೆ ಮತ್ ಮೀ ಹತ್ತಿ ಬಟ್ಟೆ ಒಂದು ತೆಗೆದುಕೊಂಡೆ. ನೂಲಿಗೇ ಗಂಟು ಕಟ್ಟಿ ಬಣ್ಣಕ್ಕೆ ಅದ್ದಿ, ಆಮೇಲೆ ನೇಯುವುದು. ಅಂಚು ಸ್ವಲ್ಪ ಕಲಸಿದ ಹಾಗೆ ಕಾಣುತ್ತದೆ. ನೀರಲ್ಲಿ ಬಿದ್ದ ನೆರಳಿನ ಹಾಗೆ. ಜೊತೆಗೆ ಅಂಟು ಅಕ್ಕಿ ಬೇಯಿಸುವ ಬಿದಿರಿನ ಕುಡಿಕೆ, ಅನ್ನ ಇಡುವ ಕ್ರತಿಪ್ ಬುಟ್ಟಿ.

ಸೈಕಲ್ ಕೊಡುವ ಮೊದಲು ಒಂದು ಸಲ ಸಾಲಾ ಕೇವ್ ಕೂಗೆ ಹೋಗಿ ಬರೋಣ ಅನ್ನಿಸಿತು. ಊರಿನ ಮೂಡಣಕ್ಕೆ ನಾಲ್ಕೈದು ಕಿಲೋಮೀಟರ್. ಆರು ತಿಂಗಳಲ್ಲಿ ಎಷ್ಟು ಸಲ ಹೋಗಿದ್ದೇನೋ. ಬುನ್‌ಲುವ ಸುಲಿಲಾತ್ ಎಂಬ ಸಾಧಕರು ಕಟ್ಟಿಸಿದ ತೋಟ ಅದು. ಅವರು 1958ರಲ್ಲಿ ಲಾವೋಸಿನ ದಂಡೆಯಲ್ಲಿ ಇಂಥದೇ ಒಂದು ತೋಟ ಶುರು ಮಾಡಿದ್ದರು. 1975ರಲ್ಲಿ ಅಲ್ಲಿ ಕಮ್ಯುನಿಸ್ಟ್ ಸರ್ಕಾರ ಬಂದಾಗ ಹೊಳೆ ದಾಟಿ ಈಚೆ ಬಂದರು. 1978ರಿಂದ ಮತ್ತೆ ಮೊದಲಿನಿಂದ ಕಟ್ಟಿದರು. 1996ರಲ್ಲಿ ತೀರಿಕೊಂಡರು. ಎಲ್ಲವೂ ಇಟ್ಟಿಗೆ, ಸಿಮೆಂಟು. ಏಳು ಹೆಡೆಯ ನಾಗನ ನೆರಳಲ್ಲಿ ಕೂತ ಬುದ್ಧ ಇಪ್ಪತ್ತೈದು ಮೀಟರ್ ಎತ್ತರ. ಬುದ್ಧನ ಪಕ್ಕದಲ್ಲೇ ಗಣಪತಿ, ಶಿವ, ವಿಷ್ಣು, ರಾಹು. ನನಗೆ ಇಷ್ಟವಾದದ್ದು ಒಂದು ಆನೆ. ಸುತ್ತ ನಾಯಿಗಳು ಬೊಗಳುತ್ತಿವೆ, ಅದು ತನ್ನ ಪಾಡಿಗೆ ನಡೆಯುತ್ತಿದೆ. ಆನೆಗೆ ನಾಯಿ ಬೊಗಳಿದ ಮಾತು ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಅದನ್ನು ಇಷ್ಟು ದೊಡ್ಡದಾಗಿ ಕಟ್ಟಿ ನಿಲ್ಲಿಸಿದ್ದಾರೆ.

ಅವತ್ತು ನಾನು ವಿಗ್ರಹಗಳಿಗಿಂತ ಆ ಮನುಷ್ಯನ ಬಗ್ಗೆಯೇ ಯೋಚಿಸುತ್ತಾ ಕೂತೆ. ಹದಿನೇಳು ವರ್ಷದ ಕೆಲಸವನ್ನು ಆಚೆ ದಂಡೆಯಲ್ಲಿ ಬಿಟ್ಟು ಬಂದವರು. ಹೊಳೆಯ ಹತ್ತಿರ ಹೋಗಿ ನಿಂತರೆ ಆ ದೇಶ ಕಾಣುತ್ತದೆ. ಆದರೂ ಇಲ್ಲಿ ಮತ್ತೆ ತಳಪಾಯ ಹಾಕಿದರು. ಮಾರ್ಚಿನ ಹೊಗೆ ಕವಿದಿತ್ತು. ಈ ತಿಂಗಳಲ್ಲಿ ಕಬ್ಬಿನ ಗದ್ದೆ, ಕಾಡಿನ ಅಂಚು ಎಲ್ಲ ಸುಡುತ್ತಾರೆ. ಸೂರ್ಯ ಸಂಜೆ ನಾಲ್ಕಕ್ಕೇ ಕೆಂಪಾಗಿ, ಬರಿಗಣ್ಣಲ್ಲಿ ನೋಡಬಹುದು. ಗಂಟಲು ಕೆರೆಯುತ್ತದೆ. ಬಾಗಿಲು ಹಾಕುವವರೆಗೂ ಕೂತಿದ್ದು, ಸೈಕಲ್ ಹತ್ತಿ ಬಂದೆ. ಮಾರನೇ ದಿನ ಸೈಕಲ್ಲನ್ನು ಪಾ ಅವರ ಮೊಮ್ಮಗನಿಗೆ ಕೊಟ್ಟೆ. ಸೀಟು ಇಳಿಸಬೇಕಾಯಿತು.

ಇನ್ನೊಂದು ದಿನ ಸೀ ಚಿಯಾಂಗ್ ಮೈಗೆ ಹೋದದ್ದು. ಹೊಳೆಗುಂಟ ಪಡುವಣಕ್ಕೆ ಐವತ್ತು ಕಿಲೋಮೀಟರಿಗೂ ದೂರ, ವಿಯೆಂಟಿಯಾನಿನ ಎದುರು ದಂಡೆ. ವಿಯೆಟ್ನಾಮಿನಿಂದ ಬಂದು ನೆಲೆಸಿದ ಮನೆತನಗಳು ಅಲ್ಲಿ ಅಕ್ಕಿ ಹಿಟ್ಟಿನ ತೆಳು ಹಾಳೆ ಮಾಡಿ, ಬಿದಿರಿನ ತಟ್ಟಿಯ ಮೇಲೆ ಹರವಿ ಒಣಗಿಸುತ್ತವೆ. ರಸ್ತೆ ಬದಿಯಲ್ಲಿ ಸಾಲಾಗಿ ಬಿಸಿಲಿಗೆ ಇಟ್ಟದ್ದನ್ನು ನೋಡಿದರೆ ನಮ್ಮ ಬೇಸಿಗೆಯ ಹಪ್ಪಳದ ಅಂಗಳವೇ. ಒಬ್ಬಾಕೆ ಕಾಗೆ ಓಡಿಸಲು ಕೋಲು ಹಿಡಿದು ಕೂತಿದ್ದಳು. ಅಮ್ಮನಿಗೆ ವಿಡಿಯೊ ಕಾಲ್ ಮಾಡಿ ತೋರಿಸಿದೆ. "ಕಾಗೆ ಅಲ್ಲೂ ಬಿಡಲ್ವೇನೇ" ಎಂದಳು.

ಊಟದ ಬಗ್ಗೆ ಹೇಳದೆ ಹೋದರೆ ಈ ಕಥೆ ಪೂರ್ತಿಯಾಗಲ್ಲ. ನಾನು ಮೀನು, ಮಾಂಸ, ಮೊಟ್ಟೆ ತಿನ್ನುವವಳಲ್ಲ. ಇಸಾನ್ ಅಡುಗೆಗೆ ಜೀವಾಳವೇ ಪ್ಲಾ ರಾ, ಉಪ್ಪು ಹಾಕಿ ಹುದುಗಿಸಿದ ಮೀನು. ಬಂದ ಹೊಸತರಲ್ಲಿ ತುಂಬಾ ಒದ್ದಾಡಿದೆ. ಆಮೇಲೆ ಹಳದಿ ಬಾವುಟದ ಮೇಲೆ ಕೆಂಪಕ್ಷರದಲ್ಲಿ 'ಜೇ' ಎಂದು ಬರೆದ ಅಂಗಡಿ ಹುಡುಕುವುದು ಕಲಿತೆ. ಅದು ಚೀನೀ ಬೌದ್ಧರ ಸಸ್ಯಾಹಾರ. ಓಣಿಯ ತುದಿಯಲ್ಲಿ ಸೋಮ್ ತಮ್ ಮಾಡುವ ಅಕ್ಕ ಒಬ್ಬರಿದ್ದರು. ಪಪ್ಪಾಯಿ ಕಾಯಿ ತುರಿದು ಮೆಣಸಿನಕಾಯಿ, ನಿಂಬೆ, ಬೆಲ್ಲ ಹಾಕಿ ಒರಳಲ್ಲಿ ಜಜ್ಜುವ ಪದಾರ್ಥ. ಮೀನಿನ ವಾಸನೆ ಹಿಡಿದ ಒರಳು ಬೇಡ ಎಂದು ಅವರು ನನಗಾಗಿ ಬೇರೆ ಒರಳು ಇಟ್ಟಿದ್ದರು. ನಾನು ಕೇಳಿರಲಿಲ್ಲ. ಕೊನೆಯ ವಾರದಲ್ಲಿ ಒಂದು ದಿನ ಅದನ್ನು ನೋಡುತ್ತಾ ನನಗೆ ಅಳು ಬಂತು. "ಖಾರ ಜಾಸ್ತಿ ಆಯ್ತಾ?" ಎಂದು ಕೇಳಿದರು. ಹೌದು ಎಂದೆ.

ಮಾರ್ಚ್ 16, ಭಾನುವಾರ. ಬೆಳಿಗ್ಗೆ ನಾನು ವಾಟ್ ಫೋ ಚೈ ದೇವಸ್ಥಾನಕ್ಕೆ ಹೋಗಿ ಲುವಾಂಗ್ ಫೋ ಪ್ರ ಸೈ ಬುದ್ಧನಿಗೆ ಕೈ ಮುಗಿದು ಬಂದೆ. ಲಾವೋಸಿನ ಮೂವರು ರಾಜಕುಮಾರಿಯರು ಮಾಡಿಸಿದ ಮೂರು ವಿಗ್ರಹಗಳಲ್ಲಿ ಇದೊಂದು ಎಂದು ಕಥೆ. ಮೂರನ್ನೂ ಹೊಳೆಯಲ್ಲಿ ಸಾಗಿಸುವಾಗ ಒಂದು ಮುಳುಗಿತು. ಒಂದು ಬ್ಯಾಂಕಾಕಿಗೆ ಹೋಯಿತು. ಇದನ್ನು ಹೊತ್ತ ಗಾಡಿ ಮಾತ್ರ ಇಲ್ಲಿಂದ ಮುಂದೆ ಕದಲಲಿಲ್ಲವಂತೆ. ಗೋಕರ್ಣದ ಲಿಂಗದ ಕಥೆ ಕೇಳಿದವರಿಗೆ ಇದು ಹೊಸದಲ್ಲ, ಅಲ್ವಾ. ದೇವರಿಗೂ ಒಂದು ಊರು ಹಿಡಿಸಿಬಿಡುತ್ತದೆ.

ವಾಪಸ್ ಬಂದಾಗ ಪಾ ಅವರ ಜಗಲಿಯ ಮೇಲೆ ಚಾಪೆ ಹಾಸಿತ್ತು. ಹತ್ತೊಂಬತ್ತು ಜನ ಕೂತಿದ್ದರು. ನಡುವೆ ಒಂದು ಹರಿವಾಣ. ಅದರಲ್ಲಿ ಬಾಳೆ ಎಲೆ ಮಡಿಸಿ ಮಾಡಿದ ಗೋಪುರ, ಚೆಂಡು ಹೂವು, ಬಾಳೆಹಣ್ಣು, ಅನ್ನ. ಗೋಪುರದ ತುಂಬಾ ಬಿಳಿ ಹತ್ತಿ ದಾರ. ನನಗೆ ತಿಳಿಸದೆ ಎಲ್ಲ ಅಣಿ ಮಾಡಿದ್ದರು. ಇದಕ್ಕೆ ಸೂ ಖ್ವನ್ ಎನ್ನುತ್ತಾರೆ. ಮನುಷ್ಯನ ಮೈಯಲ್ಲಿ 32 ಖ್ವನ್ ಇರುತ್ತವೆ ಎಂಬುದು ಇಸಾನ್, ಲಾವೋ ಜನರ ನಂಬಿಕೆ. ಖ್ವನ್ ಎಂದರೆ ಜೀವದ ಕಳೆ ಎನ್ನಬಹುದೇನೋ. ಹೆದರಿದರೆ, ಕಾಯಿಲೆ ಬಿದ್ದರೆ, ದೂರ ಹೊರಟರೆ ಅವು ಅಲ್ಲಿ ಇಲ್ಲಿ ಅಡ್ಡಾಡಲು ಹೋಗಿಬಿಡುತ್ತವೆ. ಎಲ್ಲವನ್ನೂ ಕರೆದು ಒಳಗೆ ಕೂರಿಸಿ ಕಟ್ಟಿ ಕಳಿಸಬೇಕು. ಇಲ್ಲದಿದ್ದರೆ ಹೋದವರು ಅರ್ಧವೇ ಹೋದ ಹಾಗೆ.

ಕರೆಯುವವರು ಒಬ್ಬ ಹಿರಿಯರು. ಅವರನ್ನು 'ಫ್ರಾಮ್' ಎನ್ನುತ್ತಾರೆ. ಬ್ರಾಹ್ಮಣ ಎಂಬ ಪದವೇ ಅದು. ಆದರೆ ಜಾತಿಯಲ್ಲ, ಮಾಡುವ ಕೆಲಸದ ಹೆಸರು. ಇವರು ಹಿಂದೆ ಭಿಕ್ಷುವಾಗಿದ್ದು ಆಮೇಲೆ ಸಂಸಾರಕ್ಕೆ ಬಂದವರು. ರಾಗವಾಗಿ ಹೇಳುತ್ತಾ ಹೋದರು. ಹೊಳೆಗೆ ಹೋಗಿದ್ದರೆ ಬಾ, ಕಾಡಿಗೆ ಹೋಗಿದ್ದರೆ ಬಾ. ನಡುನಡುವೆ ಎಲ್ಲರೂ ಒಟ್ಟಿಗೆ, "ಮಾ ದೇ, ಖ್ವನ್ ಎಯ್!" ಬಾರೋ ಖ್ವನ್, ಬಾ. ನಾನು ಹರಿವಾಣ ಮುಟ್ಟಿಕೊಂಡು ಕೂತಿದ್ದೆ. ನನ್ನ ಮೊಣಕೈ ಪಾ ಹಿಡಿದಿದ್ದರು, ಅವರ ಮೊಣಕೈಯನ್ನು ಹಿಂದಿನವರು, ಅವರದನ್ನು ಅವರ ಹಿಂದಿನವರು.

ಆಮೇಲೆ ಒಬ್ಬೊಬ್ಬರೇ ಬಂದು ದಾರ ಕಟ್ಟಿದರು. ಮೊದಲು ದಾರದಿಂದ ಕೈಯನ್ನು ಹೊರಕ್ಕೆ ಸವರುತ್ತಾರೆ, ಕೆಟ್ಟದ್ದು ಹೋಗಲಿ ಎಂದು. ಆಮೇಲೆ ಒಳಕ್ಕೆ, ಒಳ್ಳೆಯದು ಬರಲಿ ಎಂದು. ಗಂಟು ಹಾಕುತ್ತಾ ಬಾಯಲ್ಲಿ ಹರಸುತ್ತಾರೆ. ಪಾ ಅವರ ಮೊಮ್ಮಗ ಸೈಕಲ್ ಚೆನ್ನಾಗಿ ನೋಡಿಕೊಳ್ಳುತ್ತೇನೆ ಎಂದ. ಸೋಮ್ ತಮ್ ಅಕ್ಕ ಅಮ್ಮನ ಕಾಲು ಬೇಗ ವಾಸಿಯಾಗಲಿ ಎಂದರು. ಕಟ್ಟಿಸಿಕೊಳ್ಳುವವರ ಅಂಗೈಯಲ್ಲಿ ಬೇಯಿಸಿದ ಮೊಟ್ಟೆ ಇಡುವುದು ಪದ್ಧತಿ. ನನ್ನ ಅಂಗೈಯಲ್ಲಿ ಇದ್ದದ್ದು ಒಂದು ಬಾಳೆಹಣ್ಣು, ಒಂದು ಉಂಡೆ ಅಂಟು ಅಕ್ಕಿಯ ಅನ್ನ. ಫ್ರಾಮ್ ಅದನ್ನು ನೋಡಿ ಪಾ ಕಡೆ ತಿರುಗಿದರು. "ಅವಳು ಅದನ್ನು ತಿನ್ನುವುದಿಲ್ಲ" ಎಂದಷ್ಟೇ ಹೇಳಿದರು ಪಾ. ಅವರು ತಲೆಯಾಡಿಸಿ ಮುಂದುವರಿದರು.

ಲುಂಗ್ ಕೊನೆಗೆ ಬಂದರು. ಬಲೆ ಕಟ್ಟಿ ಬೆಳೆದ ಕೈ. ಗಂಟನ್ನು ಎರಡು ಸಲ ಎಳೆದು ನೋಡಿದರು. "ಮೂರು ದಿನವಾದರೂ ಇರಲಿ. ಕತ್ತರಿ ಹಾಕಬೇಡ, ಬಿಚ್ಚಬೇಕು" ಎಂದರು. ಅವರು ಮಾತಾಡಿದ್ದು ಅಷ್ಟೇ.

18ರಂದು ಬೆಳಿಗ್ಗೆ ಮತ್ತೆ ಹೊಳೆಗೆ ಇಳಿದು ನೀರು ಹನಿಸಿ ಬಂದೆ. ಮೇಲಿನ ಮಡಿಯ ಟೊಮೆಟೊ ಹಣ್ಣಾಗಿತ್ತು. ಪಾ ಮುಂಗಡದ ದುಡ್ಡು ಎಣಿಸಿ ಲಕೋಟೆಯಲ್ಲಿ ಹಾಕಿ ಕೊಟ್ಟರು. ಕರೆಂಟಿನದು ಹಿಡಿದುಕೊಳ್ಳಿ ಎಂದರೂ ಕೇಳಲಿಲ್ಲ. ಸಂಜೆ ಸ್ಟೇಷನ್ನಿಗೆ ಏಳು ಜನ ಬಂದಿದ್ದರು. ರೈಲು ನಿಧಾನಕ್ಕೆ ಹೊರಟಿತು. ಮೊಮ್ಮಗ ಸೈಕಲ್ಲಿನಲ್ಲೇ ಬಂದಿದ್ದ. ಪ್ಲಾಟ್‌ಫಾರ್ಮಿನ ತುದಿಯವರೆಗೂ ರೈಲಿನ ಜೊತೆ ತುಳಿದುಕೊಂಡು ಬಂದ. ಉದೋನ್ ದಾಟುವ ಹೊತ್ತಿಗೆ ಹಾಸಿಗೆ ಹಾಸುವವರು ಬಂದರು. ನನ್ನ ಎರಡೂ ಕೈ ನೋಡಿ ಅವರು ಏನೂ ಕೇಳಲಿಲ್ಲ, ಕೈ ಮುಗಿದರು. ಪರದೆ ಎಳೆದುಕೊಂಡು ಆ ಬಾಳೆಹಣ್ಣು, ಆ ಅನ್ನದ ಉಂಡೆ ತಿಂದೆ.

ತೀರ್ಥಹಳ್ಳಿ ತಲುಪಿದ್ದು 20ರ ಸಂಜೆ. ಮಾರನೇ ದಿನ ಮಧ್ಯಾಹ್ನ ಅಮ್ಮ ಕಾಲು ಚಾಚಿಕೊಂಡು ಕೂತು ನನ್ನ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಕತ್ತರಿ ಹಾಕುವ ಹಾಗಿಲ್ಲ ಎಂದಿದ್ದೆ. ಒಂದೊಂದೇ ಗಂಟು ಬಿಚ್ಚುತ್ತಾ "ಇದು ಯಾರದ್ದೇ?" ಎಂದು ಕೇಳುತ್ತಾ ಹೋದಳು. ನಾನು ಹೇಳುತ್ತಾ ಹೋದೆ. ಪಾ ಅವರದು. ಹುಡುಗನದು. ಒರಳು ಇಟ್ಟ ಅಕ್ಕನದು. ಬಿಚ್ಚಿದ ದಾರವನ್ನೆಲ್ಲ ಒಂದು ಬಟ್ಟಲಿಗೆ ಹಾಕಿದಳು. ಹದಿನೆಂಟು ಆಯಿತು. ಲುಂಗ್ ಅವರದು ಮಾತ್ರ ಉಗುರಿಗೂ ಸಿಗಲಿಲ್ಲ, ಸೂಜಿಗೂ ಸಿಗಲಿಲ್ಲ. ಅಮ್ಮ ಕನ್ನಡಕ ಹಾಕಿಕೊಂಡು ಇನ್ನೊಂದು ಸಲ ನೋಡಿದಳು. "ಇದು ಇರಲಿ ಬಿಡು" ಎಂದು ಸೂಜಿ ಎತ್ತಿಟ್ಟಳು.